ಬಿಗಿ ಮಾಡಿದಷ್ಟೂ ಸಡಿಲವಾದ ಗುಂಡು

ನನ್ನ ಅತ್ತೆಯವರು ಮೈಸೂರಿನಲ್ಲಿ ನೆಂಟರಿಷ್ಟರಿಗೆಲ್ಲ, ನಮ್ಮ ಸೊಸೆ ಅಮೆರಿಕದಲ್ಲಿ ಮದ್ದು ತೂಗುವ ಕೆಲಸದಲ್ಲಿದ್ದಾಳೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಕೇಳಿದವರು ಯಾವುದೋ ಔಷಧಿ ಕಂಪನಿ ಇರಬೇಕು ಎಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ. ನಾನು ತೂಗುತ್ತಿದ್ದದ್ದು ಪಿಸ್ತೂಲಿನ ಮದ್ದು. ಮಿಷಿಗನ್ನಿನ ಲಿವೋನಿಯಾದಲ್ಲಿ, ಸಣ್ಣ ಕಾರ್ಖಾನೆಗಳು ಸಾಲಾಗಿ ನಿಂತಿರುವ ಒಂದು ರಸ್ತೆಯಲ್ಲಿ, ಕಿಟಕಿಗಳೇ ಇಲ್ಲದ ಕಟ್ಟಡದಲ್ಲಿ ಕೂತು, ಖಾಲಿ ಹಿತ್ತಾಳೆ ಕೇಸುಗಳಿಗೆ ಮದ್ದು ತುಂಬಿ, ಗುಂಡು ಕೂರಿಸಿ, ಅದು ಎಷ್ಟು ಜೋರಾಗಿ ಹಾರುತ್ತದೆಂದು ಅಳೆಯುವುದು ನನ್ನ ವೃತ್ತಿಯಾಗಿತ್ತು. ಈ ಕೆಲಸವನ್ನು ನಾನು ಎಷ್ಟು ಪ್ರೀತಿಸಿದೆನೆಂದರೆ, ನಿವೃತ್ತಿಯಾದ ಮೇಲೂ ಎಲ್ಲಾದರೂ ಹಿತ್ತಾಳೆ ಚೂರು ಬಿದ್ದ ಸದ್ದಾದರೆ ಕತ್ತು ತಿರುಗಿಸಿ ನೋಡುತ್ತೇನೆ.

ಈಚೆಗೆ ನಮ್ಮವರ ಪೈಕಿ ಕೆಲವು ಹುಡುಗಿಯರು ಇಂಥ ಪರೀಕ್ಷಾಲಯಗಳಿಗೆ ಕೆಲಸಕ್ಕೆ ಸೇರಿದ್ದಾರೆ. ಒಬ್ಬಳು ಫೋನ್ ಮಾಡಿ, ಆಂಟಿ, ಮ್ಯಾನ್ಯುಯಲ್ಲೆಲ್ಲ ಓದಿದೀನಿ, ಆದ್ರೆ ಕೆಲಸ ನಿಜವಾಗಿ ಹೇಗಿರುತ್ತೆ ಅಂತ ಕೇಳಿದಳು. ಒಂದೂವರೆ ಗಂಟೆ ಮಾತಾಡಿ ಫೋನ್ ಇಟ್ಟ ಮೇಲೂ ಮುಖ್ಯವಾದದ್ದನ್ನು ಹೇಳಲಿಲ್ಲ ಅನ್ನಿಸಿತು. ಅದಕ್ಕೇ ಬರೆಯಲು ಕೂತೆ.

ನಾನು ಓದಿದ್ದು ಲೋಹಶಾಸ್ತ್ರ. ತೊಂಬತ್ತರ ದಶಕದ ಕೊನೆಯಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿದ್ದೆ. ಅವರು ನಮ್ಮ ವಿಭಾಗವನ್ನೇ ಮುಚ್ಚಿದಾಗ ಮನೆಯಲ್ಲಿ ಕೂತು ಪತ್ರಿಕೆಯ ಜಾಹೀರಾತುಗಳನ್ನು ನೋಡುತ್ತಿದ್ದೆ. 'ಹಿತ್ತಾಳೆ ಬಲ್ಲವರು ಬೇಕಾಗಿದ್ದಾರೆ' ಎಂಬ ಅರ್ಥದ ಒಂದೇ ಸಾಲಿನ ಜಾಹೀರಾತು ಕಣ್ಣಿಗೆ ಬಿತ್ತು. ಹಿತ್ತಾಳೆಯನ್ನು ನಾನು ಬಲ್ಲೆ. ಅಪ್ಲೈ ಮಾಡಿದೆ. ಯಾತಕ್ಕೆಂದು ಕೇಳುವುದು ಮರೆತಿತ್ತು.

ಸಂದರ್ಶನ ಮಾಡಿದವನು ವಾಲ್ಟ್. ಅಂಗಡಿಯ ಮಾಲೀಕ, ಅರವತ್ತರ ಆಸುಪಾಸಿನ ಪೋಲಿಷ್ ಮೂಲದ ಮನುಷ್ಯ, ಜೀವನವಿಡೀ ಡೈ, ಅಂದರೆ ಲೋಹ ಒತ್ತುವ ಅಚ್ಚು, ಮಾಡಿದ ಕೈಗಳು. ಅವನು ಮೇಜಿನ ಮೇಲೆ ಮೂರು ಖಾಲಿ ಕೇಸುಗಳನ್ನಿಟ್ಟು, ಇದರಲ್ಲಿ ಯಾವುದನ್ನು ಮತ್ತೆ ತುಂಬಬಹುದು ಎಂದು ಕೇಳಿದ. ನಾನು ಬೆಳಕಿಗೆ ಹಿಡಿದು ತಿರುಗಿಸಿದೆ. ಒಂದರ ಬುಡದ ಹತ್ತಿರ ಬಸುರಿ ಹೊಟ್ಟೆಯಂತೆ ಉಬ್ಬಿತ್ತು. ಇನ್ನೊಂದರ ಒಳಗೆ ಉಗುರು ಹಾಕಿದರೆ ಸಿಕ್ಕುವಂಥ ಸಣ್ಣ ಗೆರೆ. ಮೂರನೆಯದು ನೋಡಲು ಕೊಳಕಾಗಿತ್ತು, ಆದರೆ ಗಟ್ಟಿಯಾಗಿತ್ತು. ಕೊಳಕಾಗಿದ್ದುದನ್ನು ಆರಿಸಿದೆ. ಅವನು ನಗಲಿಲ್ಲ, ಹೊಗಳಲಿಲ್ಲ, ಸೋಮವಾರ ಬಾ ಎಂದ.

ನಮ್ಮ ಅಂಗಡಿಯ ಹೆಸರು ನಡೆಯುತ್ತಿದ್ದದ್ದು ಜೋರಾದ ಕಾಡತೂಸುಗಳ ಮೇಲೆ. ಹತ್ತು ಎಂಎಂ ಎನ್ನುವ ಒಂದು ಅಳತೆ ಇದೆ. ಸಾಮಾನ್ಯ ಪಿಸ್ತೂಲಿನ ಗುಂಡಿಗಿಂತ ಬಹಳ ಬಲವಾದದ್ದು. ಉತ್ತರ ಮಿಷಿಗನ್ನಿನ ಕಾಡಿಗೆ ಹೋಗುವ ಬೇಟೆಗಾರರು, ಸ್ಪರ್ಧೆಗೆ ಹೋಗುವವರು, ಅಂಗಡಿ ಕಾಯುವವರು ಅದನ್ನು ಕೇಳಿಕೊಂಡು ಬರುತ್ತಿದ್ದರು. ರಿವಾಲ್ವರ್ ಆದರೆ ಚಕ್ರದೊಳಗೆ ಕಾಡತೂಸು ಪೂರ್ತಿ ಕೂತಿರುತ್ತದೆ. ಸೆಮಿ-ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ಹಾಗಲ್ಲ. ಹಿಡಿಯೊಳಗೆ ಕೂರುವ ಮ್ಯಾಗಜಿನ್ ಎಂಬ ಪೆಟ್ಟಿಗೆಯಿಂದ ಕಾಡತೂಸು ಮೇಲಕ್ಕೆ ಜಾರಿ ನಳಿಗೆಯ ಹಿಂಬದಿಯ ಕೋಣೆಗೆ, ಅಂದರೆ ಚೇಂಬರಿಗೆ, ಹೋಗಬೇಕು. ಆ ಜಾರುಬಂಡೆಗೆ ಜಾಗ ಬಿಡಲು ಚೇಂಬರಿನ ಕೆಳಗೆ ಸ್ವಲ್ಪ ಉಕ್ಕನ್ನು ಕತ್ತರಿಸಿರುತ್ತಾರೆ. ಅಷ್ಟು ಜಾಗದಲ್ಲಿ ಬರಿಯ ಹಿತ್ತಾಳೆಯೇ ಇಡೀ ಒತ್ತಡವನ್ನು ತಡೆಯಬೇಕು. ಒತ್ತಡ ಮಿತಿ ಮೀರಿದರೆ ಒಡೆಯುವುದು ಅಲ್ಲೇ. ಸಂದರ್ಶನದ ದಿನ ನಾನು ನೋಡಿದ ಉಬ್ಬಿದ ಹೊಟ್ಟೆಯ ಅರ್ಥ ಅದು ಎಂದು ವಾಲ್ಟ್ ಮೊದಲ ವಾರ ತೋರಿಸಿದಾಗ ನನಗೆ ಮೈ ಜುಮ್ಮೆಂದಿತು. ಬೆರಳ ಗೆಣ್ಣಿನಷ್ಟು ಹಿತ್ತಾಳೆಯೊಳಗೆ ಇಷ್ಟೆಲ್ಲ ನಡೆಯುತ್ತದೆಯೇ! ಕಾರಿನ ಬಂಪರ್ ಪರೀಕ್ಷಿಸುತ್ತಾ ಕಳೆದ ವರ್ಷಗಳಿಗೆ ಆ ಕ್ಷಣವೇ ಬೆನ್ನು ತಿರುಗಿಸಿದೆ.

ವಾಲ್ಟನ ನಿಯಮಗಳು ಕೆಲವೇ, ಆದರೆ ಅವುಗಳಲ್ಲಿ ರಿಯಾಯಿತಿ ಇರಲಿಲ್ಲ. ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ ಮದ್ದು. ಮದ್ದಿನ ಕಂಪನಿಯ ಪುಸ್ತಕದಲ್ಲಿ ಕೊಟ್ಟ ಅಳತೆಗಿಂತ ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲೇರಬೇಕು, ಪುಸ್ತಕದ ಮಿತಿ ದಾಟುವಂತಿಲ್ಲ. ಮದ್ದು ಹಾಕಿದ ಪ್ರತಿಯೊಂದು ಕೇಸಿನೊಳಗೂ ಗುಂಡು ಕೂರಿಸುವ ಮುಂಚೆ ಕಣ್ಣಿಟ್ಟು ನೋಡಬೇಕು. ಮಾತಾಡಬೇಕಾದರೆ ಕಾಡತೂಸು ಒತ್ತುವ ಪ್ರೆಸ್ಸಿನ ಹಿಡಿ ಬಿಟ್ಟು ಎದ್ದುಬಂದು ಮಾತಾಡಬೇಕು. ಯಾರಾದರೂ ಬಾಗಿಲಲ್ಲಿ ನಿಂತು ಗುಡ್ ಮಾರ್ನಿಂಗ್ ಹೇಳಿದರೂ ನಾವು ತಲೆ ಎತ್ತುತ್ತಿರಲಿಲ್ಲ. ಹೊಸಬರು ನಮ್ಮನ್ನು ಜಂಬದವರು ಎಂದುಕೊಂಡಿದ್ದರು.

ಒಮ್ಮೆ ನಮ್ಮ ಸಹೋದ್ಯೋಗಿಯೊಬ್ಬ ಮೆಷಿನ್ನಿನಲ್ಲಿ ಉಳಿದಿದ್ದ ಮದ್ದನ್ನು ತಪ್ಪಾದ ಡಬ್ಬಿಗೆ ಸುರಿದುಬಿಟ್ಟ. ಎರಡೂ ನೋಡಲು ಕಪ್ಪು ಸಾಸಿವೆಯಂತೆಯೇ ಇದ್ದವು, ಆದರೆ ಒಂದು ಬೇಗ ಉರಿಯುವುದು, ಇನ್ನೊಂದು ನಿಧಾನ. ಬೆರೆತರೆ ಏನಾಗುತ್ತದೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಅವನು ತಾನೇ ಬಂದು ಹೇಳಿದ. ವಾಲ್ಟ್ ಬೈಯಲಿಲ್ಲ. ಡಬ್ಬಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ, ಅಗಲವಾಗಿ ಹುಲ್ಲಿನ ಮೇಲೆ ಉದುರಿಸಿ ನೀರು ಬಿಟ್ಟು ಬಂದ. ಹೊಗೆಯಿಲ್ಲದ ಮದ್ದಿನಲ್ಲಿ ಗೊಬ್ಬರದ ಹಾಗೆಯೇ ಸಾರಜನಕ ಇರುತ್ತದಲ್ಲ, ಆ ಬೇಸಿಗೆಯಲ್ಲಿ ನಮ್ಮ ಹಿತ್ತಲಿನ ಆ ಒಂದು ಪಟ್ಟೆ ಹುಲ್ಲು ಮಾತ್ರ ಗಾಲ್ಫ್ ಮೈದಾನದ ಹಾಗೆ ಕಂಗೊಳಿಸಿತು.

ನಾನು ಸೇರಿದಾಗ ಕೆಲಸವೆಲ್ಲ ಕೈಯಲ್ಲೇ ನಡೆಯುತ್ತಿತ್ತು. ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಪ್ರೆಸ್ಸು. ಬಲ ಅಳೆಯುವುದೆಂದರೆ ಗುಂಡಿನ ವೇಗ ನೋಡುವುದು, ಆಮೇಲೆ ಸಿಡಿದ ಕೇಸಿನ ಬುಡ ನೋಡಿ ಒತ್ತಡವನ್ನು ಊಹಿಸುವುದು. ಊಹೆ! ನನ್ನಂಥ ಲೋಹಶಾಸ್ತ್ರದವಳಿಗೆ ಆ ಪದ ಹಲ್ಲಿಗೆ ಕಲ್ಲು ಸಿಕ್ಕಂತೆ. ಎರಡು ವರ್ಷ ವಾಲ್ಟನ ಬೆನ್ನು ಬಿದ್ದೆ. ಕೊನೆಗೊಂದು ದಿನ ಮರದ ಪೆಟ್ಟಿಗೆಯಲ್ಲಿ ಪರೀಕ್ಷಾ ನಳಿಗೆ ಬಂತು. ಕಬ್ಬಿಣದ ಪೀಠಕ್ಕೆ ಬಿಗಿದ ದಪ್ಪ ನಳಿಗೆ, ಅದರ ಮೈಯೊಳಗೆ ಒತ್ತಡ ತಿಳಿಯುವ ಹರಳು, ಅಲ್ಲಿಂದ ಕಂಪ್ಯೂಟರಿಗೆ ಒಂದು ತಂತಿ. ಗೋಡೆಯ ಈಚೆ ಕೂತು ಹಗ್ಗ ಎಳೆದರೆ ಆಚೆ ಸಿಡಿಯುತ್ತದೆ, ಪರದೆಯ ಮೇಲೆ ಗೆರೆ ಮೂಡುತ್ತದೆ.

ಮೊದಲ ಗೆರೆ ಮೂಡಿದಾಗ ನಾನು ಕುರ್ಚಿ ಬಿಟ್ಟು ಎದ್ದು ನಿಂತೆ. ಸೊನ್ನೆಯಿಂದ ಗಿಡುಗನಂತೆ ಮೇಲೆ ಹಾರಿ, ಒಂದು ಶಿಖರ ಮುಟ್ಟಿ, ಇಳಿಜಾರಿನಲ್ಲಿ ಇಳಿದು ಬಂದು ನಿಂತಿತು. ಇಷ್ಟು ದಿನ ನಾವು ಕಿವಿಯಲ್ಲಿ ಕೇಳಿದ್ದನ್ನು ಈಗ ಕಣ್ಣಲ್ಲಿ ನೋಡುತ್ತಿದ್ದೆವು. ವಾಲ್ಟ್ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿ, ಇನ್ನೊಂದು ಎಳಿ ಎಂದ. ಆ ದಿನ ಊಟಕ್ಕೂ ಏಳಲಿಲ್ಲ ನಾವು.

ಇಸ್ಮಾಯಿಲ್ ಅವರು ನಮ್ಮ ಅಂಗಡಿಗೆ ಬಂದದ್ದು ಆ ಕಾಲದಲ್ಲೇ. ಹುಬ್ಬಳ್ಳಿ ಕಡೆಯವರು, ಇಂಕ್‌ಸ್ಟರಿನಲ್ಲಿ ಗ್ಯಾಸ್ ಸ್ಟೇಷನ್, ಅಂದರೆ ಪೆಟ್ರೋಲ್ ಬಂಕ್, ನಡೆಸುತ್ತಿದ್ದರು. ಪಕ್ಕದ ಗ್ಯಾಸ್ ಸ್ಟೇಷನ್ನಿಗೆ ಕಳ್ಳರು ನುಗ್ಗಿ ಅಲ್ಲಿದ್ದವನನ್ನು ಹೊಡೆದು ಹಾಕಿದ ಮೇಲೆ ಕಾನೂನು ಪ್ರಕಾರ ಒಂದು ಹತ್ತು ಎಂಎಂ ಪಿಸ್ತೂಲು ಕೊಂಡಿದ್ದರು. ಕೌಂಟರಿನಲ್ಲಿ ನನ್ನ ಹೆಸರಿನ ಬಿಲ್ಲೆ ಓದಿ, ವಿಜಯಲಕ್ಷ್ಮಿ ಅಂದ್ರ ನಮ್ಮ ಕಡೆಯವರಾ ಏನ್ರೀ ಎಂದು ಕೇಳಿದರು. ನಾನು ಮೈಸೂರು ಎಂದೆ. ಅಲ್ಲಿಂದ ಮುಂದೆ ಕಾಡತೂಸು ಬೇಕಾದಾಗಲೆಲ್ಲ ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ರಂಜಾನ್ ಕಳೆದ ಮೇಲೆ ಒಂದು ಡಬ್ಬಿ ಶೀರ್‌ಖುರ್ಮಾ ತಂದುಕೊಟ್ಟಿದ್ದರು. ವಾಲ್ಟ್ ಅದನ್ನು ಡಬ್ಬಿಯಿಂದಲೇ ಚಮಚ ಹಾಕಿ ತಿಂದು ಮುಗಿಸಿದ.

ಒಂದು ಶನಿವಾರ ಮಧ್ಯಾಹ್ನ ಶೂಟಿಂಗ್ ರೇಂಜಿನಿಂದ ಫೋನ್ ಬಂತು. ಇಸ್ಮಾಯಿಲ್ ಅವರ ಪಿಸ್ತೂಲು ಕೈಯಲ್ಲೇ ಒಡೆದಿತ್ತು. ಕೆಳಗಿನಿಂದ ಬೆಂಕಿ ಚಿಮ್ಮಿ ಮ್ಯಾಗಜಿನ್ ಕಿತ್ತು ನೆಲಕ್ಕೆ ಬಡಿದಿತ್ತು, ಹಿಡಿಯ ಎರಡು ಕಡೆಯ ಪಟ್ಟಿಗಳು ಸೀಳಿ ಅಂಗೈ ಹರಿದಿತ್ತು, ಕೆನ್ನೆಗೆ ಹಿತ್ತಾಳೆಯ ಚೂರುಗಳು ಹೊಕ್ಕಿದ್ದವು. ಕನ್ನಡಕ ಹಾಕಿಕೊಂಡಿದ್ದರಿಂದ ಕಣ್ಣು ಉಳಿದಿತ್ತು. ಕಾಡತೂಸು ನಮ್ಮದು.

ಆ ವಾರ ಅಂಗಡಿಯಲ್ಲಿ ಪ್ರೆಸ್ಸುಗಳು ನಿಂತವು. ಆ ತಂಡದ, ಅಂದರೆ ಅದರ ಜೊತೆ ಒಟ್ಟಿಗೆ ತಯಾರಾದ ಕಾಡತೂಸುಗಳ, ಪೆಟ್ಟಿಗೆಗಳನ್ನೆಲ್ಲ ವಾಪಸು ತರಿಸಿದೆವು. ಮದ್ದು ಎರಡು ಸಲ ಬಿದ್ದಿರಬಹುದೇ? ಎಲ್ಲರ ತಲೆಯಲ್ಲಿ ಅದೇ. ನಾನು ಪ್ರತಿ ತಂಡದಿಂದ ತೆಗೆದಿಟ್ಟಿರುತ್ತಿದ್ದ ಮಾದರಿಗಳನ್ನು ಒಂದೊಂದಾಗಿ ಬಿಚ್ಚಿ ತೂಗಿದೆ. ಎಲ್ಲವೂ ಸರಿಯಾಗಿದ್ದವು. ಅಷ್ಟೇ ಅಲ್ಲ, ನಾವು ಬಳಸುತ್ತಿದ್ದ ಮದ್ದು ಕೇಸನ್ನು ಮುಕ್ಕಾಲು ಪಾಲು ತುಂಬುತ್ತಿತ್ತು. ಎರಡು ಸಲ ಬಿದ್ದರೆ ಹೊರಚೆಲ್ಲಿ ಬೆಂಚೆಲ್ಲ ಹರಡುತ್ತದೆ. ಅಂಥ ಮದ್ದನ್ನೇ ಆರಿಸಿಕೊಳ್ಳುವುದು ನಮ್ಮ ಪದ್ಧತಿ. ಹಾಗಾದರೆ ಇನ್ನೇನು?

ನಮ್ಮ ವಿಮಾ ಕಂಪನಿಯ ಕಚೇರಿ ಷಿಕಾಗೋ ಹತ್ತಿರದ ಓಕ್ ಬ್ರೂಕಿನಲ್ಲಿತ್ತು. ಅಲ್ಲಿಂದ ತನಿಖೆಗೆ ಡೋನಾ ಎಂಬ ಹೆಂಗಸು ಬಂದಳು. ರೇಂಜಿನವರು ಗುಡಿಸಿ ತುಂಬಿಟ್ಟಿದ್ದ ಚೀಲವನ್ನು ಅವಳೇ ತಂದಿದ್ದಳು. ಅವಳ ಎದುರಿಗೇ ನಾನು ಎಲ್ಲವನ್ನೂ ಬಿಳಿ ಕಾಗದದ ಮೇಲೆ ಹರವಿದೆ. ಸೀಳಿದ ಕೇಸು, ಹೊರಬಿದ್ದ ಮ್ಯಾಗಜಿನ್, ಅದರೊಳಗೆ ಇನ್ನೂ ಹಾರಿಸದೆ ಉಳಿದ ಕಾಡತೂಸುಗಳು. ಕೇಸು ಒಡೆದದ್ದು ಉಕ್ಕಿನ ಆಸರೆ ಇಲ್ಲದ ಜಾಗದಲ್ಲೇ. ಅಂದರೆ ಒತ್ತಡ ವಿಪರೀತ. ಅಲ್ಲಿಯವರೆಗೆ ಹೊಸದೇನೂ ಇರಲಿಲ್ಲ.

ಆಮೇಲೆ ಸೀಳಿದ ಕೇಸಿನ ಬುಡದ ಅಂಚನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕಾಡತೂಸನ್ನು ಚೇಂಬರಿನಿಂದ ಹೊರಗೆ ಎಳೆಯುವ ಒಂದು ಕೊಕ್ಕೆ ಇರುತ್ತದೆ. ಅದು ಪ್ರತಿ ಸಲ ಹಿಡಿದಾಗಲೂ ಅಂಚಿನ ಮೇಲೆ ಒಂದು ಸಣ್ಣ ಗೀರು ಬಿಡುತ್ತದೆ. ಒಂದು ಸಲ ಒಳಗೆ ಹೋಗಿ ಸಿಡಿದ ಕೇಸಿನ ಮೇಲೆ ಒಂದು ಗೀರು ಇರಬೇಕು. ಈ ಕೇಸಿನ ಅಂಚಿನ ಸುತ್ತ ಗೀರುಗಳ ಮೇಲೆ ಗೀರುಗಳು! ಎಣಿಸಲು ಆಗದಷ್ಟು. ಮ್ಯಾಗಜಿನ್ನಿನಲ್ಲಿ ಉಳಿದ ಕಾಡತೂಸುಗಳನ್ನು ನೋಡಿದೆ. ಅವುಗಳ ಅಂಚು ಕನ್ನಡಿಯಂತೆ ನುಣ್ಣಗಿತ್ತು.

ಡೋನಾಳನ್ನು ಕರೆದು ನೋಡು ಎಂದೆ. ಅವಳಿಗೆ ಗೀರುಗಳು ಕಂಡವು, ಅರ್ಥ ಆಗಲಿಲ್ಲ. ಪಿಸ್ತೂಲು ಒಡೆದದ್ದು ಎಷ್ಟನೇ ಗುಂಡಿಗೆ ಎಂದು ಕೇಳಿದೆ. ಅವಳು ಹಾಳೆ ತಿರುವಿ, ಮೊದಲನೆಯದಕ್ಕೇ ಎಂದಳು.

ಮರುದಿನ ನಾನೂ ಡೋನಾಳೂ ಇಸ್ಮಾಯಿಲ್ ಅವರ ಮನೆಗೆ ಡ್ರೈವ್ ಮಾಡಿಕೊಂಡು ಹೋದೆವು. ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು, ಕೆನ್ನೆಯ ಮೇಲೆ ಹೊಲಿಗೆ. ಅವರ ಹೆಂಡತಿ ಫರೀದಾ ಚಹಾ ತಂದಿಟ್ಟು ಬಾಗಿಲ ಬಳಿ ನಿಂತರು. ಡೋನಾ ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಅವರು, ನಾನೇನೂ ಮಾಡಿಲ್ಲ, ಗುರಿ ಹಿಡಿದು ಒತ್ತಿದೆ ಅಷ್ಟೇ ಎಂದು ಒಂದೇ ಉತ್ತರ ಕೊಟ್ಟರು. ಹೆದರಿದ್ದರು. ಡೋನಾ ನನ್ನ ಕಡೆ ನೋಡಿ, ನಿಮ್ಮ ಭಾಷೆಯಲ್ಲಿ ಕೇಳು, ಆಮೇಲೆ ನನಗೆ ಹೇಳು ಎಂದಳು.

ನಾನು ಅಪಘಾತದ ಮಾತೇ ಎತ್ತಲಿಲ್ಲ. ಗ್ಯಾಸ್ ಸ್ಟೇಷನ್ನಿನಲ್ಲಿ ಪಿಸ್ತೂಲು ದಿನಾ ಎಲ್ಲಿರುತ್ತೆ ಎಂದು ಕೇಳಿದೆ.

"ಗಲ್ಲಾಪೆಟ್ಟಿಗಿ ಕೆಳಗ ಇರ್ತದ್ರೀ ಅಕ್ಕಾರ. ಮಧ್ಯಾಹ್ನ ಮಕ್ಕಳು ಸಾಲಿ ಬಿಟ್ಟು ಅಲ್ಲಿಗೇ ಬರ್ತಾವ. ಅವು ಬರೂದ್ರಾಗ ಖಾಲಿ ಮಾಡಿ ತಿಜೋರಿಯೊಳಗ ಇಡ್ತೀನಿ. ಇಕಿ ಬಂದು ಕರಕೊಂಡು ಹೋದ ಮ್ಯಾಲೆ ಮತ್ತ ತುಂಬತೀನಿ."

"ದಿನಾನೂ?"

"ದಿನಾನೂ," ಎಂದರು ಫರೀದಾ ಬಾಗಿಲಿಂದಲೇ. "ರಾತ್ರಿ ಅಂಗಡಿ ಮುಚ್ಚುವಾಗ ಮತ್ತೊಂದ್ ಸರ್ತಿ. ನಾನಾ ಆಣಿ ಹಾಕಿಸಿಕೊಂಡೀನಿ."

"ಖಾಲಿ ಮಾಡುವಾಗ ಚೇಂಬರಿನೊಳಗಿದ್ದ ಒಂದು ಕಾಡತೂಸು ಹೊರಗೆ ಬರುತ್ತಲ್ಲ, ಅದನ್ನ ಏನು ಮಾಡ್ತೀರಿ?"

ಇಸ್ಮಾಯಿಲ್ ಅವರು ನನ್ನ ಪ್ರಶ್ನೆಯೇ ವಿಚಿತ್ರ ಎಂಬಂತೆ ನೋಡಿದರು. ಎಡಗೈಯಲ್ಲಿ ಗಾಳಿಯಲ್ಲೇ ಮಾಡಿ ತೋರಿಸಿದರು. "ಎತಕೊಂಡು ಮತ್ತ ಮ್ಯಾಗಜಿನ್‌ದಾಗ ಮ್ಯಾಲೆ ಹಾಕ್ತೀನ್ರೀ. ಚೆಲ್ಲಾಕ ಆಗ್ತದೇನು?"

ಅಲ್ಲಿಗೆ ಸಿಕ್ಕಿತು. ಮೇಲೆ ಹಾಕಿದ್ದು ಮತ್ತೆ ಮೊದಲು ಒಳಗೆ ಹೋಗುತ್ತದೆ. ದಿನವೂ, ತಿಂಗಳುಗಟ್ಟಲೆ, ಅದೇ ಒಂದು ಕಾಡತೂಸು ಜಾರುಬಂಡೆಗೆ ಮೂತಿ ಗುದ್ದಿಕೊಂಡು ಚೇಂಬರಿಗೆ ಹೋಗಿದೆ, ಹೊರಗೆ ಬಂದಿದೆ. ಪ್ರತಿ ಗುದ್ದಿಗೂ ಗುಂಡು ಕೂದಲೆಳೆಯಷ್ಟು ಕೇಸಿನೊಳಕ್ಕೆ ಹಿಂದೆ ಸರಿದಿದೆ. ಒಳಗೆ ಮದ್ದು ಅಷ್ಟೇ ಇದೆ, ಜಾಗ ಮಾತ್ರ ಕಮ್ಮಿಯಾಗುತ್ತಾ ಬಂದಿದೆ. ಮೊದಲೇ ಜೋರಾದ ಕಾಡತೂಸು. ಜಾಗ ಕಮ್ಮಿಯಾದರೆ ಒತ್ತಡ ಹುಚ್ಚೆದ್ದು ಏರುತ್ತದೆ. ನಾನು ಖುಷಿಯಿಂದ ಕುರ್ಚಿಯ ಅಂಚಿಗೆ ಬಂದು, ಕೈ ಆಡಿಸಿ ಎಲ್ಲವನ್ನೂ ವಿವರಿಸಿದೆ. ಮುಗಿಸಿ ನೋಡಿದರೆ ಗಂಡ ಹೆಂಡತಿ ಇಬ್ಬರ ಮುಖವೂ ಬಿಳಿಚಿಕೊಂಡಿತ್ತು.

"ಹಂಗಾದ್ರ ತಪ್ಪು ನಂದಾತೇನ್ರೀ?" ಎಂದರು ಇಸ್ಮಾಯಿಲ್.

ಮಕ್ಕಳ ಕೈಗೆ ಸಿಗಬಾರದೆಂದು ಮಾಡಿದ ಜಾಗ್ರತೆ ಅದು. ಇಲ್ಲ, ನಿಮಗೆ ಯಾರೂ ಹೇಳಿರಲಿಲ್ಲ ಎಂದೆ. ಆದರೆ ಕಾರಿಗೆ ಬಂದ ಮೇಲೆ ಡೋನಾ ಬೇರೆಯೇ ಮಾತಾಡಿದಳು. ಅವಳ ಮೇಲಿನವರು ಇದನ್ನು ಗ್ರಾಹಕರ ದುರ್ಬಳಕೆ ಎಂದು ಬರೆದು ಕಡತ ಮುಚ್ಚುತ್ತಾರಂತೆ. ಆಸ್ಪತ್ರೆ ಖರ್ಚೆಲ್ಲ ಆ ಮನುಷ್ಯನ ತಲೆಗೇ. ಅವಳಿಗೂ ಅದು ಹಿಡಿಸಿರಲಿಲ್ಲ, ಆದರೆ ತನ್ನ ಕೈಯಲ್ಲಿ ಇಲ್ಲ ಎಂದಳು.

ನನ್ನ ಮನಸ್ಸಿನಲ್ಲಿ ಇನ್ನೊಂದು ಹುಳ ಕೊರೆಯುತ್ತಿತ್ತು. ಗುಂಡು ಅಷ್ಟು ಸುಲಭವಾಗಿ ಹಿಂದೆ ಸರಿಯಬಾರದಲ್ಲ? ಒಳ್ಳೆಯ ಕಾಡತೂಸಿನಲ್ಲಿ ಕೇಸಿನ ಗೋಡೆ ಗುಂಡನ್ನು ಕಚ್ಚಿ ಹಿಡಿದಿರಬೇಕು. ಅಂಗಡಿಗೆ ಬಂದವಳೇ ಆ ತಂಡದ ಮಾದರಿಯೊಂದನ್ನು ಬೆಂಚಿನ ಅಂಚಿಗೆ ಮೂತಿಯಿಟ್ಟು ಹೆಬ್ಬೆರಳಲ್ಲಿ ಒತ್ತಿದೆ. ಕ್ಯಾಲಿಪರ್ ಹಾಕಿ ಅಳೆದೆ. ಸರಿದಿತ್ತು! ಇನ್ನೊಂದು ಒತ್ತಿದೆ. ಅದೂ ಸರಿದಿತ್ತು. ಹಿಂದಿನ ವರ್ಷದ ಮಾದರಿ ತೆಗೆದು ಒತ್ತಿದೆ, ಹೆಬ್ಬೆರಳು ಕೆಂಪಾಯಿತೇ ಹೊರತು ಗುಂಡು ಅಲುಗಲಿಲ್ಲ.

ವ್ಯತ್ಯಾಸ ಎಲ್ಲಿ? ಗುಂಡು ಕೂರಿಸಿದ ಮೇಲೆ ಕೇಸಿನ ಬಾಯನ್ನು ಸ್ವಲ್ಪ ಒಳಕ್ಕೆ ಒತ್ತುವ ಕೊನೆಯ ಹಂತ ಒಂದಿದೆ, ಕ್ರಿಂಪ್ ಎನ್ನುತ್ತಾರೆ. ಆ ವಸಂತದಲ್ಲಿ ಕೆಲವು ಸ್ಪರ್ಧಿಗಳು ಗುಂಡು ಅಲುಗುತ್ತಿದೆ ಎಂದು ದೂರಿದ್ದರು. ಅಂಥ ದೂರು ಬಂದರೆ ಯಾರಿಗಾದರೂ ತೋಚುವುದೇ ವಾಲ್ಟನಿಗೂ ತೋಚಿತ್ತು. ಅವನೇ ಸ್ಪ್ಯಾನರ್ ಹಿಡಿದು ಕ್ರಿಂಪನ್ನು ಇನ್ನಷ್ಟು ಬಿಗಿ ಮಾಡಿದ್ದ. ಆದರೆ ಗುಂಡಿನ ಒಳಗಿರುವುದು ಸೀಸ. ಸೀಸವನ್ನು ಒತ್ತಿದರೆ ಒತ್ತಿದಲ್ಲೇ ಕೂತುಬಿಡುತ್ತದೆ. ಹಿತ್ತಾಳೆ ಹಾಗಲ್ಲ, ಒತ್ತಿ ಬಿಟ್ಟರೆ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಅತಿಯಾಗಿ ಒತ್ತಿದರೆ ಗುಂಡು ಸಣ್ಣಗಾಗಿ ಉಳಿಯುತ್ತದೆ, ಕೇಸು ಹಿಗ್ಗಿ ಹಿಂದೆ ಬರುತ್ತದೆ, ನಡುವೆ ಹಿಡಿತ ಹೋಗುತ್ತದೆ. ಬಿಗಿ ಮಾಡಿದಷ್ಟೂ ಸಡಿಲ. ಹಿಡಿತ ಬರಬೇಕಾದದ್ದು ಕೇಸಿನ ಗೋಡೆಯಿಂದ. ಕ್ರಿಂಪಿನ ಕೆಲಸ ಗುಂಡು ಕೂರಿಸಲೆಂದು ಮೊದಲು ಅಗಲಿಸಿದ ಬಾಯನ್ನು ನೆಟ್ಟಗೆ ಮಾಡುವುದು, ಅಷ್ಟಕ್ಕೇ ನಿಲ್ಲಿಸಬೇಕು.

ಕಾಲೇಜಿನ ಎರಡನೇ ವರ್ಷದ ಪಾಠ ಅದು. ಅದನ್ನು ಮರೆತದ್ದಕ್ಕೆ ಒಂದು ಪಿಸ್ತೂಲು ಒಡೆದಿತ್ತು. ಖಚಿತ ಮಾಡಿಕೊಳ್ಳಲು ಗುಂಡನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸಿದ ಕಾಡತೂಸುಗಳನ್ನು ಪರೀಕ್ಷಾ ನಳಿಗೆಗೆ ಹಾಕಿ, ಗೋಡೆಯ ಈಚೆಯಿಂದ ಹಗ್ಗ ಎಳೆದೆ. ಗೆರೆ ಏರಿತು. ಮುಂದಿನದಕ್ಕೆ ಇನ್ನೂ ಏರಿತು. ಅದರ ಮುಂದಿನದು ಪರದೆಯ ಮೇಲಂಚನ್ನು ದಾಟಿ ಹೋಯಿತು. ನಾನು ಕೈ ತೊಳೆದುಕೊಂಡು ಬಂದು ಹಾಳೆಗಳನ್ನು ಮಡಿಸಿ ಚೀಲಕ್ಕೆ ಹಾಕಿದೆ. ಅದನ್ನು ವಾಲ್ಟನಿಗೆ ಹೇಳುವುದು ಉಳಿದಿತ್ತು.

ಓಕ್ ಬ್ರೂಕಿನ ಸಭೆಗೆ ನಾವಿಬ್ಬರೂ ಅವನ ಟ್ರಕ್ಕಿನಲ್ಲಿ ಹೊರಟೆವು. ಆ್ಯನ್ ಆರ್ಬರ್ ದಾಟಿತು, ಜ್ಯಾಕ್ಸನ್ ದಾಟಿತು, ನನಗೆ ಬಾಯಿ ಬರಲಿಲ್ಲ. ಕೆಲಮಜೂ ಎಕ್ಸಿಟ್ ಬಂದಾಗ ಕಾಫಿಗೆ ನಿಲ್ಲಿಸಿದ. ಟ್ರಕ್ಕಿನ ಮುಂದಿನ ಬಾನೆಟ್ ಮೇಲೆ ಹಾಳೆಗಳನ್ನು ಹರಡಿ, ಹೊಸ ಮಾದರಿ, ಹಳೆಯ ಮಾದರಿ ಎರಡನ್ನೂ ಅವನ ಕೈಗೆ ಕೊಟ್ಟು ಒತ್ತಿ ನೋಡು ಎಂದೆ. ಒತ್ತಿದ. ಮತ್ತೆ ಒತ್ತಿದ. ಡೈ ಮಾಡಿದ ಮನುಷ್ಯನಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಕಾಫಿಯನ್ನು ಕುಡಿಯದೆ ಕಸದ ಡಬ್ಬಿಗೆ ಹಾಕಿ ಟ್ರಕ್ಕು ಹತ್ತಿದ. ಇಂಡಿಯಾನಾ ಪೂರ್ತಿ ಅವನು ಒಂದು ಮಾತೂ ಆಡಲಿಲ್ಲ.

ಷಿಕಾಗೋ ನಮಗಿಂತ ಒಂದು ಗಂಟೆ ಹಿಂದೆ. ಅದನ್ನು ಮರೆತು ಬೇಗ ಹೊರಟಿದ್ದರಿಂದ ಓಕ್ ಬ್ರೂಕಿನ ದೊಡ್ಡ ಶಾಪಿಂಗ್ ಸೆಂಟರಿನ ಪಾರ್ಕಿಂಗಿನಲ್ಲಿ ಕೂತು ಕಾಯಬೇಕಾಯಿತು. ಒಳ್ಳೆಯ ಬಟ್ಟೆ ಹಾಕಿದ ಜನ ಚೀಲಗಳನ್ನು ಹೊತ್ತು ಓಡಾಡುತ್ತಿದ್ದರು. ನಾವು ಸುಮ್ಮನಿದ್ದರೆ ಅಂಗಡಿ ಉಳಿಯುತ್ತದೆ, ವಿಮಾದವರೇ ತಪ್ಪನ್ನು ಗ್ರಾಹಕನ ಮೇಲೆ ಹಾಕಲು ತಯಾರಾಗಿದ್ದಾರೆ, ಇದು ಇಬ್ಬರಿಗೂ ಗೊತ್ತಿತ್ತು. ನನ್ನನ್ನು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ ಎಂದು ತೀರ್ಮಾನಿಸಿಕೊಂಡಿದ್ದೆ. ಆದರೆ ಪಕ್ಕದಲ್ಲಿ ಕೂತಿದ್ದ ಮನುಷ್ಯ ನನಗೆ ಕೆಲಸ ಕೊಟ್ಟವನು, ಕೆಲಸ ಕಲಿಸಿದವನು.

ವಾಲ್ಟ್ ಸ್ಟೀರಿಂಗ್ ನೋಡುತ್ತಲೇ, "ಗೀರುಗಳ ವಿಷಯ ನೀನು ಹೇಳು," ಎಂದ. "ಕ್ರಿಂಪಿನ ವಿಷಯ ನಾನು ಹೇಳ್ತೀನಿ."

ಸಭೆಯಲ್ಲಿ ಡೋನಾಳ ಮೇಲಧಿಕಾರಿ ಕೂತಿದ್ದ. ನಾನು ಗೀರುಗಳ ಚಿತ್ರಗಳನ್ನು ತೋರಿಸುತ್ತಿದ್ದಂತೆ ಅವನ ಮುಖ ಅರಳಿತು. ಹಾಗಾದರೆ ಗ್ರಾಹಕ ಒಂದೇ ಕಾಡತೂಸನ್ನು ಪದೇ ಪದೇ ಹಾಕಿ ತೆಗೆದದ್ದೇ ಕಾರಣ, ಅಲ್ಲವೇ ಎಂದು ಕೇಳಿದ. ಅರ್ಧ ಕಾರಣ ಎಂದೆ. ಆಗ ವಾಲ್ಟ್ ಎದ್ದು ನಿಂತ. ಕೂತೇ ಹೇಳಬಹುದಿತ್ತು, ಎದ್ದು ನಿಂತ. ಕ್ರಿಂಪನ್ನು ಬಿಗಿ ಮಾಡಿದ್ದು ತಾನು, ಅದರಿಂದ ಗುಂಡಿನ ಹಿಡಿತ ಸಡಿಲವಾಯಿತು, ಒಂದೇ ಕಾಡತೂಸನ್ನು ಹಾಗೆ ಬಳಸಬೇಡಿ ಎಂದು ತಮ್ಮ ಪೆಟ್ಟಿಗೆಯ ಮೇಲೆ ಎಲ್ಲೂ ಬರೆದಿಲ್ಲ ಎಂದ.

ಅಧಿಕಾರಿ ಪೆನ್ನು ಕೆಳಗಿಟ್ಟ. ನೀವು ಏನು ಹೇಳ್ತಿದೀರಿ ಅಂತ ಯೋಚನೆ ಮಾಡಿದೀರಾ ಎಂದು ಕೇಳಿದ.

"ಇಂಡಿಯಾನಾ ಪೂರ್ತಿ ಮಾಡ್ದೆ," ಎಂದ ವಾಲ್ಟ್.

ಆಮೇಲೆ ವಕೀಲರು, ಪತ್ರಗಳು ಎಲ್ಲ ನಡೆದವು, ಅದನ್ನು ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ಇಸ್ಮಾಯಿಲ್ ಅವರ ಚಿಕಿತ್ಸೆಯ ಖರ್ಚನ್ನು ವಿಮಾ ಕಂಪನಿಯೇ ಹೊತ್ತಿತು. ನಮ್ಮ ಅಂಗಡಿಯ ವಿಮೆಯ ಕಂತು ಏರಿತು, ಎರಡು ವರ್ಷ ಸಂಬಳ ಏರಲಿಲ್ಲ, ಅಂಗಡಿ ಮಾತ್ರ ಮುಚ್ಚಲಿಲ್ಲ. ಸಭೆಯ ದಿನ ವಾಪಸು ಹೊರಡುವ ಮುಂಚೆ ನಾನು ವಾಲ್ಟನನ್ನು ಪೀಡಿಸಿ ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಊಟದ ಮನೆಯಲ್ಲಿ ಅವನು ಎರಡು ತಟ್ಟೆ ಪುಳಿಯೋಗರೆ ತಿಂದು, ಬೆವರು ಒರೆಸಿಕೊಂಡು, ಇದಕ್ಕೆ ಯಾವ ಮದ್ದು ಹಾಕಿದಾರೆ ಎಂದು ಕೇಳಿದ. ಬೆಳಗಿನಿಂದ ಅವನು ಆಡಿದ ಮೊದಲ ತಮಾಷೆ ಅದು.

ಲಿವೋನಿಯಾದಲ್ಲಿ ಕೆಲಸದ ರೀತಿಯೇ ಬದಲಾಯಿತು. ಪ್ರತಿ ತಂಡದ ಕೆಲವು ಕಾಡತೂಸುಗಳನ್ನು ನಿಜವಾದ ಪಿಸ್ತೂಲಿನಲ್ಲಿ ಹಾಕಿ ತೆಗೆದು, ಹಾಕಿ ತೆಗೆದು, ಉದ್ದ ಅಳೆಯುವ ಪರೀಕ್ಷೆಯನ್ನು ನಾನು ಶುರುಮಾಡಿದೆ. ಗುಂಡು ಸರಿದರೆ ಇಡೀ ತಂಡ ವಾಪಸು. ಸ್ಪ್ಯಾನರನ್ನು ವಾಲ್ಟ್ ತಾನಾಗಿಯೇ ನನ್ನ ಡ್ರಾಯರಿಗೆ ಹಾಕಿದ. ಪೆಟ್ಟಿಗೆಯೊಳಗೆ ಒಂದು ಚೀಟಿ ಇಡತೊಡಗಿದೆವು. ಚೇಂಬರಿನಿಂದ ತೆಗೆದ ಕಾಡತೂಸನ್ನು ಮತ್ತೆ ಮೇಲೆ ಹಾಕಬೇಡಿ, ಹೊಸದರ ಪಕ್ಕ ಇಟ್ಟು ಉದ್ದ ಹೋಲಿಸಿ, ಗಿಡ್ಡವಾಗಿ ಕಂಡರೆ ಹಾರಿಸಬೇಡಿ, ನಮಗೆ ತಂದುಕೊಡಿ. ಹುಡುಗಿಯರೇ, ನೀವು ಯಾವ ಪರೀಕ್ಷಾಲಯದಲ್ಲಿದ್ದರೂ ವಸ್ತುವನ್ನು ನಾವು ಹೇಗೆ ಬಳಸುತ್ತೇವೆ ಎಂದಷ್ಟೇ ಪರೀಕ್ಷಿಸಬೇಡಿ. ಕೊಂಡವರು ಮನೆಯಲ್ಲಿ ಅದನ್ನು ಏನು ಮಾಡುತ್ತಾರೆ ಎಂದು ಹೋಗಿ ಕೇಳಿ, ಅವರ ಭಾಷೆಯಲ್ಲೇ ಕೇಳಿ.

ಆಮೇಲೆ ನಾವು ರೇಂಜಿನಲ್ಲಿ ಮನೆಯಲ್ಲೇ ಕಾಡತೂಸು ತುಂಬುವವರಿಗಾಗಿ ಶನಿವಾರದ ತರಗತಿ ಶುರುಮಾಡಿದೆವು. ನಾನು ಒತ್ತಡದ ಗೆರೆಗಳನ್ನು ಗೋಡೆಗೆ ಅಂಟಿಸಿ ಹುರುಪಿನಿಂದ ವಿವರಿಸುತ್ತಿದ್ದೆ. ಮುಂದಿನ ಸಾಲಿನವರು ಆಕಳಿಸುತ್ತಿದ್ದರು. ಕೈ ವಾಸಿಯಾದ ಮೇಲೆ ಇಸ್ಮಾಯಿಲ್ ಅವರು ಒಂದು ದಿನ ಬಂದು ಹಿಂದೆ ಕೂತು ಕೇಳಿದರು. ಮುಗಿದ ಮೇಲೆ, ನೀವು ಭಾಳ ಛಲೋ ಹೇಳ್ತೀರಿ, ಆದ್ರ ಯಾರೂ ಹೆದರವಲ್ರು, ಮುಂದಿನ ವಾರ ನಾ ಎರಡು ಮಾತು ಹೇಳ್ಲೇನ್ರೀ ಎಂದು ಕೇಳಿದರು.

ಮುಂದಿನ ಶನಿವಾರ ನನ್ನ ಪಕ್ಕದಲ್ಲಿ ನಿಂತರು. ಬಾಗಿಲಷ್ಟು ಅಗಲದ ಒಬ್ಬ ಮನುಷ್ಯ ಕೈಯೆತ್ತಿ, ಇದೆಲ್ಲ ಸರಿ, ಒಂದು ಪಿಸ್ತೂಲಿನಲ್ಲಿ ಎಲ್ಲಕ್ಕಿಂತ ಜೋರಾಗಿ ಎಷ್ಟು ತುಂಬಬಹುದು, ಅದನ್ನು ಹೇಳಿ ಎಂದ. ಸುತ್ತಲಿನವರೂ ಅದನ್ನೇ ಕೇಳಲು ಬಂದವರಂತೆ ನೆಟ್ಟಗಾದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇಸ್ಮಾಯಿಲ್ ಅವರು ತಮ್ಮ ಹುಬ್ಬಳ್ಳಿ ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು.

"ಈ ಊರಲ್ಲಿ ಎಲ್ಲಕ್ಕಿಂತ ಜೋರಾದ ಗುಂಡು ಹಾರಿಸಿದವನು ನಾನೇ ಸರ್," ಎಂದರು. "ನಿಮಗೆ ಬೇಡ."

ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ಬಲಗೈ ಎತ್ತಿ, ಅಂಗೈ ಬಿಚ್ಚಿ, ಆ ಮನುಷ್ಯನಿಂದ ಶುರುಮಾಡಿ ಒಬ್ಬೊಬ್ಬರ ಮುಂದೆಯೂ ಹಿಡಿದುಕೊಂಡು ಸಾಲಿನುದ್ದಕ್ಕೂ ನಡೆದು ಬಂದರು.